ಒಂದು ಲೀಟರ್ ನೀರು, ಎರಡು ರೊಟ್ಟಿ

“ಎಪ್ಪತ್ತೆಂಟು” ಎಂದಳು ಡಾಕ್ಟರಮ್ಮ. ನನಗಿಂತ ಹದಿನೈದು ವರ್ಷ ಚಿಕ್ಕವಳು, ಅಗಲದಲ್ಲಿ ನನ್ನ ಅರ್ಧ. ನನ್ನ ಫೈಲು ಮುಚ್ಚಿ ಅದರ ಮೇಲೆ ಪೆನ್ನಿಟ್ಟು, “ತೂಕ ಎಪ್ಪತ್ತೆಂಟಕ್ಕೆ ಬರಲಿ ವಾಣಿಶ್ರೀ ಅವರೇ, ಆಮೇಲೆ ಆಪರೇಷನ್ ವಿಚಾರ ಮಾತಾಡೋಣ” ಎಂದಳು.

ನಾನಾಗ ತೊಂಬತ್ತೆರಡು ಕೆಜಿ ಇದ್ದೆ.

ವಿಷಯ ಇಷ್ಟು. ನನ್ನ ತಮ್ಮ ಬಸವಪ್ರಭುವಿನ ಎರಡೂ ಕಿಡ್ನಿ ಕೈಕೊಟ್ಟು ಮೂರನೇ ವರ್ಷ ನಡೆಯುತ್ತಿತ್ತು. ಹರಿಹರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಅವನದು. ವಾರಕ್ಕೆ ಮೂರು ದಿನ ಅಂಗಡಿ ಬಾಗಿಲು ಹಾಕಿ ದಾವಣಗೆರೆಗೆ ಬಂದು ನಾಲ್ಕು ತಾಸು ಡಯಾಲಿಸಿಸ್ ಮಾಡಿಸಿಕೊಂಡು ಹೋಗಬೇಕು. ಒಂದು ಕಿಡ್ನಿ ನಾನು ಕೊಡುತ್ತೇನೆ ಎಂದೆ. ಅವನನ್ನು ಒಪ್ಪಿಸುವುದಕ್ಕೇ ಎರಡು ತಿಂಗಳು ಹಿಡಿಯಿತು. ರಕ್ತದ ಗುಂಪು ಹೊಂದಿತು, ಉಳಿದ ಪರೀಕ್ಷೆಗಳೂ ಹೊಂದಿದವು, ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಎಲ್ಲ ಹೊಂದಿದ ಮೇಲೆ ಕೊನೆಗೆ ಅಡ್ಡ ಬಂದದ್ದು ನನ್ನ ಹೊಟ್ಟೆ.

“ಇನ್ನೊಂದು ಮಾತು” ಎಂದಳು ಡಾಕ್ಟರಮ್ಮ. “ನಿಮ್ಮ ತಮ್ಮನ ಹೃದಯ ದಣಿಯುತ್ತಿದೆ. ಒಂದು ವರ್ಷ ದಾಟಿಸಬೇಡಿ. ಆಮೇಲೆ ಆಪರೇಷನ್ ತಡೆದುಕೊಳ್ಳುವುದು ಅವರಿಗೇ ಕಷ್ಟ.”

ನನಗೆ ಕೆಟ್ಟ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಆಸ್ಪತ್ರೆಯಿಂದ ಹೊರಗೆ ಬಂದವಳೇ ಎದುರಿನ ಗಾಡಿಯಲ್ಲಿ ಒಂದು ಪ್ಲೇಟ್ ಖಾರ ಮಂಡಕ್ಕಿ, ಮೂರು ಮೆಣಸಿನಕಾಯಿ ಬಜ್ಜಿ ತಿಂದೆ. ಸಿಟ್ಟು ಬಂದರೆ ನನಗೆ ಹಸಿವಾಗುತ್ತದೆ. ಖುಷಿಯಾದರೂ ಹಸಿವಾಗುತ್ತದೆ, ಆ ಮಾತು ಬೇರೆ.

ಮನೆಯವರಿಗೆ ನಿಜ ಹೇಳಲಿಲ್ಲ. “ಇನ್ನೊಂದಿಷ್ಟು ಟೆಸ್ಟು ಅದಾವಂತೆ, ಆರೇಳು ತಿಂಗಳು ಹಿಡಿತೈತಂತೆ” ಎಂದುಬಿಟ್ಟೆ. ನನ್ನ ಗಂಡ ಬಕ್ಕೇಶ್ ಅವರಿಗೊಬ್ಬರಿಗೆ ಗೊತ್ತಿತ್ತು, ಅವರ ಬಾಯಿ ಕಟ್ಟಿಸಿದ್ದೆ. ತಮ್ಮನಿಗೆ ತಿಳಿದರೆ ‘ನನಗಾಗಿ ನೀನು ಉಪವಾಸ ಬೀಳಬ್ಯಾಡ’ ಎಂದು ಮತ್ತೆ ಹಟ ಹಿಡಿಯುತ್ತಾನೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಾಚಿಕೆ. ತಮ್ಮನ ಜೀವ ಉಳಿಸುವುದು ಅಕ್ಕನ ಬೊಜ್ಜಿನಿಂದ ನಿಂತಿದೆ ಎಂದು ಯಾವ ಬಾಯಿಂದ ಹೇಳಲಿ?

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬ್ಲೌಸ್ ಹೊಲಿಯುತ್ತಾ ಇಪ್ಪತ್ತೆರಡು ವರ್ಷ ಕಳೆದವಳು ನಾನು. ಬೆಳಿಗ್ಗೆ ಕೂತರೆ ಸಂಜೆಯೇ ಏಳುವುದು. ಮೊದಲಾದರೂ ಕಾಲಲ್ಲಿ ಮಷೀನು ತುಳಿಯುತ್ತಿದ್ದೆ. ಎಂಟು ವರ್ಷದ ಹಿಂದೆ ಬಸವಪ್ರಭುವೇ ಅಕ್ಕರೆಯಿಂದ ಅದಕ್ಕೊಂದು ಮೋಟಾರ್ ಕೂರಿಸಿಕೊಟ್ಟ. ಅಂದಿನಿಂದ ಕಾಲೂ ಆಡುವುದು ನಿಂತಿತು. ಊರ ಹೆಂಗಸರ ಅಳತೆಯೆಲ್ಲ ನನ್ನ ಬಾಯಲ್ಲಿದೆ. ನನ್ನ ಅಳತೆ ತೆಗೆದುಕೊಳ್ಳುವುದನ್ನು ಮಾತ್ರ ಬಿಟ್ಟು ಎಷ್ಟೋ ವರ್ಷವಾಗಿತ್ತು.

ತೂಕ ಇಳಿಸಲು ನಾನು ಮಾಡಿದ ಮೊದಲ ಘನಕಾರ್ಯ ಸೋಮವಾರದ ಉಪವಾಸ. ನಮ್ಮ ಉಪವಾಸ ಎಂದರೆ ಗೊತ್ತಲ್ಲ. ಬೆಳಿಗ್ಗೆ ಸಾಬೂದಾನಿ ಉಪ್ಪಿಟ್ಟು, ಅದಕ್ಕೆ ಕೈತುಂಬ ಶೇಂಗಾ ಪುಡಿ. ಮಧ್ಯಾಹ್ನ ನಾಲ್ಕು ಬಾಳೆಹಣ್ಣು, ಒಂದು ಲೋಟ ಹಾಲು. ಸಂಜೆ ಪೂಜೆಯಾದ ಮೇಲೆ, ಪಾಪ ಬೆಳಗಿನಿಂದ ಏನೂ ತಿಂದಿಲ್ಲವೆಂದು ಪೂರ್ತಿ ಊಟ. ಉಳಿದ ಆರು ದಿನ ತಿನ್ನದಷ್ಟನ್ನು ಉಪವಾಸದ ದಿನ ತಿನ್ನುತ್ತಿದ್ದೆ. ತಿಂಗಳಾದ ಮೇಲೆ ನೋಡಿದರೆ ಅರ್ಧ ಕೆಜಿ ಏರಿದ್ದೆ. ಶಿವನೇ, ಇದೇನು ನಿನ್ನ ನ್ಯಾಯ ಎಂದು ಅವನ ಮೇಲೂ ಸಿಟ್ಟಾದೆ.

ಇದು ಸಾಲದೆಂಬಂತೆ ಅವ್ವ. ನಮ್ಮವ್ವ ನಿರ್ಮಲಮ್ಮ ಹರಿಹರದಲ್ಲಿ ತಮ್ಮನ ಜೊತೆಗಿರುತ್ತಾಳೆ. ಮಗಳು ಕಿಡ್ನಿ ಕೊಡುತ್ತಾಳೆ ಎಂದು ತಿಳಿದ ದಿನದಿಂದ ಅವಳ ತಲೆಯಲ್ಲಿ ಒಂದೇ ಹುಳ.

“ಮೈಯಾಗಿಂದ ಒಂದು ಭಾಗಾನೆ ತೆಗಿತಾರೆ ಅಂದ್ರೆ ಹೆರಿಗೆಗಿಂತ ಕಮ್ಮಿ ಏನು? ಮೊದ್ಲೇ ಗಟ್ಟಿ ಆಗ್ಬೇಕು” ಎನ್ನುತ್ತಾ ಅಂಟಿನುಂಡೆ ಕಟ್ಟಲು ಶುರು ಮಾಡಿದಳು. ಬಾಣಂತಿಯರಿಗೆ ಮಾಡುವ ಉಂಡೆ ಅದು. ತುಪ್ಪದಲ್ಲಿ ಹುರಿದ ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ. ಒಂದು ತಿಂದರೆ ಒಂದು ಊಟ ತಪ್ಪಿಸಬಹುದು. ಅಂಥ ಉಂಡೆಗಳ ಡಬ್ಬಿ ವಾರಕ್ಕೊಂದು ಬರತೊಡಗಿತು. ಹರಿಹರಕ್ಕೆ ಹೋದರಂತೂ ಕೇಳುವುದೇ ಬೇಡ. ತಮ್ಮನ ಹೆಂಡತಿ ರೇವತಿ ತಟ್ಟೆಯ ಮುಂದೆ ಕೂರಿಸಿ ಹೋಳಿಗೆ ಮೇಲೆ ಹೋಳಿಗೆ ಹಾಕುತ್ತಿದ್ದಳು. ಸಾಕು ಎಂದರೆ ಅವಳ ಕಣ್ಣಲ್ಲಿ ನೀರು. “ನೀವು ನಮಗೆ ಏನು ಕೊಡಾಕೆ ಹೊಂಟೀರಿ, ನಾನು ಎರಡು ಹೋಳಿಗಿ ಹಾಕಬಾರದೇನಕ್ಕಾ?” ಎನ್ನುತ್ತಿದ್ದಳು. ತವರಿನ ಊಟ ಬೇಡವೆನ್ನುವ ಹೆಣ್ಣುಮಗಳು ಜಗಳವಾಡಿದ್ದಾಳೆಂದೇ ನಮ್ಮಲ್ಲಿ ಲೆಕ್ಕ. ಬಾಯಿ ಮುಚ್ಚಿಕೊಂಡು ತಿನ್ನುತ್ತಿದ್ದೆ. ಡಬ್ಬಿಯ ಉಂಡೆಗಳನ್ನು ನಮ್ಮನೆಯವರಿಗೆ ಕೊಡುತ್ತಿದ್ದೆ. ಅವರು ಎರಡು ತಿಂಗಳಲ್ಲಿ ಐದು ಕೆಜಿ ಏರಿ ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡು ಬಂದರು.

ಆದರೂ ಬೆಳಿಗ್ಗೆ ನಡೆಯುವುದನ್ನು ಕಷ್ಟಪಟ್ಟು ರೂಢಿ ಮಾಡಿಕೊಂಡೆ, ಸಕ್ಕರೆ ಚಹಾ ಬಿಟ್ಟೆ. ಜೂನ್ ಹೊತ್ತಿಗೆ ಮೂರೂವರೆ ಕೆಜಿ ಇಳಿದಿತ್ತು. ನಾಲ್ಕು ತಿಂಗಳಿಗೆ ಮೂರೂವರೆ. ಹೀಗಾದರೆ ವರ್ಷದೊಳಗೆ ಎಲ್ಲಿ ಮುಟ್ಟುತ್ತೇನೆ?

ತೂಕ ನೋಡಿಕೊಳ್ಳುತ್ತಿದ್ದದ್ದು ಡಯಾಲಿಸಿಸ್ ಸೆಂಟರಿನ ಮಷೀನಿನಲ್ಲೇ. ಅಲ್ಲಿ ಪ್ರತಿಯೊಬ್ಬ ರೋಗಿಯನ್ನೂ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತೂಗುತ್ತಾರೆ. ಕಿಡ್ನಿ ಕೆಲಸ ಮಾಡದವರಿಗೆ ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತದೆ. ಅದನ್ನು ಮಷೀನು ಎಳೆದು ತೆಗೆಯಬೇಕು. ಹಾಗಾಗಿ ಬಸವಪ್ರಭುವಿಗೆ ದಿನಕ್ಕೆ ಒಂದೇ ಲೀಟರ್ ನೀರು. ಅದರಲ್ಲೇ ಚಹಾ, ಸಾರು, ಮಜ್ಜಿಗೆ ಎಲ್ಲ ಬಂತು. ಜೂನಿನ ಒಂದು ದಿನ ಅವನು ಬಂದಾಗ ಸುಮಾರು ನಾಲ್ಕು ಕೆಜಿ ಏರಿಸಿಕೊಂಡು ಬಂದಿದ್ದ. ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ನಾನು ಎಲ್ಲರೆದುರೇ ಎಗರಾಡಿದೆ.

“ಚಿಕ್ಕ ಹುಡುಗನೇನೋ ನೀನು? ಒಂದು ಲೋಟ ನೀರು ತಡಿಯಾಕೆ ಆಗಲ್ಲ ಅಂದ್ರೆ ಹೆಂಗೆ? ಬಾಯಿ ಅನ್ನೋದು ಹಿಡಿತದಾಗೆ ಇರ್ಬೇಕು!”

ಅವನು ಹೋಗಿ ಮಲಗಿದ. ಸೂಜಿ ಚುಚ್ಚಿ ಮಷೀನು ಶುರುವಾಯಿತು. ಅವನ ಕಣ್ಣು ಮುಚ್ಚಿದ್ದನ್ನು ನೋಡಿ ನಾನು ಮೆಲ್ಲಗೆ ತೂಕದ ಮಷೀನು ಹತ್ತಿದೆ. ಅಲ್ಲಿಯ ಟೆಕ್ನಿಷಿಯನ್ ಹಾಲಸ್ವಾಮಿ ಒಳ್ಳೆಯವನು. ಗಂಟಲು ಮಾತ್ರ ಲೌಡ್ ಸ್ಪೀಕರು.

“ಎಂಬತ್ತೆಂಟೂವರೆ! ಅಕ್ಕಾರೆ, ಇನ್ನ ಹತ್ತೂವರೆ ಇಳಿಸಿಬಿಟ್ರೆ ಆಪರೇಷನ್ನಿಗೆ ದಾರಿ ಆತು ನೋಡ್ರಿ. ಡಾಕ್ಟ್ರಮ್ಮ ನಿನ್ನೆನೂ ಕೇಳ್ತಿದ್ರು, ಆಯಮ್ಮನ ತೂಕ ಎಲ್ಲಿಗೆ ಬಂತು ಅಂತ.”

ಹಾಸಿಗೆಯಿಂದ ತಮ್ಮನ ದನಿ ಬಂತು. “ಅಕ್ಕ, ಏನಂದ ಅವ್ನು?”

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತು ಎಲ್ಲ ಹೇಳಿದೆ. ಅವನು ಸೂಜಿ ಇಲ್ಲದ ಕೈಯನ್ನು ಕಣ್ಣಿನ ಮೇಲೆ ಅಡ್ಡ ಇಟ್ಟುಕೊಂಡ. ಹೊಟ್ಟೆ ಕುಲುಕುತ್ತಿತ್ತು. ಅಳುತ್ತಿದ್ದಾನೆಂದು ನಾನು ಗಾಬರಿಯಾದೆ. ನೋಡಿದರೆ ನಗುತ್ತಿದ್ದಾನೆ! ಅವನು ಹಾಗೆ ನಕ್ಕಿದ್ದನ್ನು ನೋಡಿ ವರ್ಷವಾಗಿತ್ತು.

“ತೂಕ ಅಂತೆ! ಅಕ್ಕ, ನೀನು ಹೆದರ್ಕೊಂಡಿ ಅಂತ ತಿಳ್ಕೊಂಡಿದ್ದೆ. ಇಲ್ಲ ಅಂದ್ರೆ ಭಾವ ಬ್ಯಾಡ ಅಂದಿರ್ಬೇಕು ಅಂತ. ನಾಲ್ಕು ತಿಂಗಳಿಂದ ಅದೇ ತಲ್ಯಾಗೆ. ಹೆಂಗೆ ಕೇಳ್ಲಿ? ನಿನ್ನ ಕಿಡ್ನಿ ಯಾವಾಗ ಕೊಡ್ತಿ ಅಂತ ಕೇಳಾಕೆ ಆಗ್ತೈತೇನು?”

ನನ್ನ ಮಾನ ಉಳಿಸಿಕೊಳ್ಳಲು ಹೇಳಿದ ಸುಳ್ಳು ನಾಲ್ಕು ತಿಂಗಳು ಅವನನ್ನು ತಿಂದಿತ್ತು. ಅಲ್ಲೇ ಎಲ್ಲರೆದುರು ಸೆರಗು ಬಾಯಿಗೆ ಹಿಡಿದು ಅತ್ತೆ. ಅವನು ಸುಮ್ಮನಿದ್ದನೇ?

“ನನಗೆ ಒಂದು ಲೋಟ ನೀರಿಗೆ ಅಷ್ಟು ಬೈದಿ. ಹೊರಗೆ ಗಾಡಿ ಮುಂದೆ ನಿಂತು ಮೆಣಸಿನಕಾಯಿ ಹೊಡಿಯೋದು ನಾನು ನೋಡಿಲ್ಲ ಅಂದ್ಕೊಂಡಿಯೇನು? ಹೋದ ಬುಧವಾರ ನಾಲ್ಕು ತಿಂದಿ. ಎಣಿಸೀನಿ ನಾನು.”

“ಮೂರು” ಎಂದೆ, ಅಳುತ್ತಲೇ.

“ನಾಲ್ಕು.”

ನಾಲ್ಕೇ ಇರಬೇಕು.

ಅವತ್ತೇ ನಮ್ಮ ಕರಾರು ಆಯಿತು. ದಿನಾ ಸಂಜೆ ಏಳಕ್ಕೆ ಫೋನು. ಅವನು ಎಷ್ಟು ನೀರು ಕುಡಿದ ಎಂದು ಹೇಳಬೇಕು, ನಾನು ಏನು ತಿಂದೆ ಎಂದು ಹೇಳಬೇಕು. ತಪ್ಪಿದರೂ ಪರವಾಗಿಲ್ಲ, ಸುಳ್ಳು ಮಾತ್ರ ಹೇಳುವಂತಿಲ್ಲ. ಅವನಿಗೆ ಒಂದು ಲೀಟರ್, ನನಗೆ ಹೊತ್ತಿಗೆ ಎರಡು ರೊಟ್ಟಿ. ಮುಂದಿನ ಭಾನುವಾರ ಅವನು ಸ್ಕ್ರೂಡ್ರೈವರ್ ಹಿಡಿದು ನಿಟ್ಟುವಳ್ಳಿಗೆ ಬಂದ. ತಾನೇ ಕೂರಿಸಿದ್ದ ಮೋಟಾರನ್ನು ನನ್ನ ಹೊಲಿಗೆ ಮಷೀನಿನಿಂದ ಬಿಚ್ಚಿ ಚೀಲಕ್ಕೆ ಹಾಕಿಕೊಂಡ.

“ಇನ್ನ ಮೇಲೆ ತುಳಿ” ಎಂದ.

ಅದರಿಂದ ಎಷ್ಟು ಇಳಿಯಿತೋ ದೇವರೇ ಬಲ್ಲ. ಆದರೆ ಒಂದೊಂದು ಸಲ ತುಳಿಯುವಾಗಲೂ ಅವನ ಮುಖ ನೆನಪಾಗುತ್ತಿತ್ತು.

ಅವ್ವನಿಗೆ ಹೇಳುವ ಕೆಲಸವನ್ನು ಅವನೇ ಮಾಡಿದ. ನಾನೂ ಅಲ್ಲಿದ್ದೆ. ಅವ್ವ ಉಂಡೆ ಕಟ್ಟುತ್ತಿದ್ದಳು, ಕೈಯೆಲ್ಲ ತುಪ್ಪ. ಕೇಳಿದವಳು ಕೈಯಲ್ಲಿದ್ದ ಉಂಡೆಯನ್ನು ಮೆಲ್ಲಗೆ ಪರಾತಕ್ಕೆ ಇಟ್ಟಳು.

“ಅಂದ್ರೆ ನನ್ನ ಮಗನ ಆಪರೇಷನ್ನಿಗೆ ಅಡ್ಡ ಬಂದಿದ್ದು ನನ್ನ ಉಂಡೀನೇನೆ?”

“ಹಂಗಲ್ಲವ್ವ…”

“ಮತ್ತೆ ಹೆಂಗೆ? ಒಂದು ಮಾತು ಹೇಳಾಕೆ ಏನಾಗಿತ್ತೆ ನಿನಗೆ? ಅವ್ವ ಅನ್ನೋಳು ಬೇರೆಯೋಳೇನು?”

ಅವಳು ಎದ್ದು ಕೈ ತೊಳೆದು, ಇದ್ದ ಉಂಡೆಗಳನ್ನೆಲ್ಲ ರೇವತಿಯ ಕೈಲಿ ಓಣಿಯ ಮನೆಗಳಿಗೆ ಹಂಚಿಸಿದಳು. ಅಂದಿನಿಂದ ಅವ್ವ ಬೇರೆಯೇ ಹೆಂಗಸಾದಳು. ತವರಿಗೆ ಹೋದರೆ ಎರಡು ತೆಳ್ಳನೆ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಸೌತೆಕಾಯಿ, ನೀರು ಮಜ್ಜಿಗೆ. ಮೂರನೇ ರೊಟ್ಟಿಗೆ ಕೈ ಚಾಚಿದರೆ ಬುಟ್ಟಿ ಆ ಕಡೆ ಸರಿಯುತ್ತಿತ್ತು. ಹೊರಡುವಾಗ ಉಡಿ ತುಂಬಲು ಬಂದ ರೇವತಿಗೆ, “ಅಕ್ಕಿ ಐದು ಕಾಳು ಹಾಕು ಸಾಕು, ಕೊಬ್ಬರಿ ಬೆಲ್ಲ ಬ್ಯಾಡ, ಆ ಸೌತೆಕಾಯಿ ಹಾಕು” ಎಂದು ಒಳಗಿನಿಂದ ಅಪ್ಪಣೆಯಾಯಿತು. ಹೀಗೆ ಮಡಿಲಲ್ಲಿ ನಾಲ್ಕು ಸೌತೆಕಾಯಿ ಕಟ್ಟಿಕೊಂಡು ಬಸ್ ಹತ್ತಿದ ಹೆಣ್ಣುಮಗಳು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಭಾನುವಾರ ಬೆಳಿಗ್ಗೆ ಕೊಂಡಜ್ಜಿ ಕೆರೆ. ನಮ್ಮನೆಯವರು ಸ್ಕೂಟರಿನಲ್ಲಿ ನನ್ನನ್ನು ಕರೆತರುತ್ತಿದ್ದರು, ತಮ್ಮ ಹರಿಹರದಿಂದ ಬರುತ್ತಿದ್ದ. ಅವನಿಗೆ ಅರ್ಧ ದಾರಿಗೇ ಏದುಸಿರು. ಏರಿಯ ಮೇಲೆ ಒಂದು ಕಲ್ಲು ಹುಡುಕಿ ಕೂತು, ನಾನೂ ನಮ್ಮನೆಯವರೂ ಈ ತುದಿಯಿಂದ ಆ ತುದಿಗೆ ಎಷ್ಟು ಸಲ ನಡೆದೆವೆಂದು ಬೆರಳು ಮಡಚುತ್ತಿದ್ದ. ನಾನು ಕಳ್ಳಾಟ ಆಡಿ ಅರ್ಧಕ್ಕೇ ತಿರುಗಿದರೆ ಅಲ್ಲಿಂದಲೇ ಕೂಗುತ್ತಿದ್ದ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಿದ್ದರು.

ತೂಕ ಇಳಿಯಿತು. ಎಂಬತ್ತಾರು, ಎಂಬತ್ನಾಲ್ಕು, ಎಂಬತ್ತೆರಡು. ಅಕ್ಟೋಬರ್ ಹೊತ್ತಿಗೆ ಎಂಬತ್ತೊಂದಕ್ಕೆ ಬಂತು. ಬಂದದ್ದು ಅಲ್ಲೇ ಕೂತಿತು.

ಒಂದು ವಾರ, ಎರಡು ವಾರ, ಐದು ವಾರ. ಅದೇ ರೊಟ್ಟಿ, ಅದೇ ನಡಿಗೆ, ಅದೇ ಎಂಬತ್ತೊಂದು. ಮಷೀನೇ ಕೆಟ್ಟಿದೆ ಎಂದು ಹಾಲಸ್ವಾಮಿಯ ಜೊತೆ ಜಗಳ ಮಾಡಿದೆ. ಪಾಪ, ಅವನು ತಾನೇ ಹತ್ತಿ ತೋರಿಸಿದ. ಡಾಕ್ಟರಮ್ಮನನ್ನು ಕೇಳಿದರೆ, “ನಿಲ್ಲುತ್ತದೆ, ಮತ್ತೆ ಇಳಿಯುತ್ತದೆ, ನಡೆಯುತ್ತಿರಿ” ಎಂದಳು. ಅವಳಿಗೇನು, ಹೇಳುತ್ತಾಳೆ. ಅಷ್ಟರಲ್ಲಿ ತಮ್ಮನ ಮುಖ ಕಪ್ಪಿಡುತ್ತಾ ಬಂದಿತ್ತು, ಎರಡು ಮೆಟ್ಟಿಲಿಗೆ ನಿಲ್ಲುತ್ತಿದ್ದ. ಫೆಬ್ರುವರಿಗೆ ವರ್ಷ ತುಂಬುತ್ತಿತ್ತು.

ನವೆಂಬರಿನ ಒಂದು ಗುರುವಾರ ಪಕ್ಕದ ಬೀದಿಯಲ್ಲಿ ಗೃಹಪ್ರವೇಶ. ಹೋಗಿದ್ದೆ. ಎಲೆಯ ಮೇಲೆ ಹೋಳಿಗೆ ಬಿತ್ತು, ತುಪ್ಪ ಬಿತ್ತು. ತಿಂದರೂ ಎಂಬತ್ತೊಂದು, ಬಿಟ್ಟರೂ ಎಂಬತ್ತೊಂದು, ಹಾಳಾಗಿ ಹೋಗಲಿ ಎಂದು ನಾಲ್ಕು ಹೋಳಿಗೆ ತಿಂದೆ. ರುಚಿಯೇ ತಿಳಿಯಲಿಲ್ಲ. ಸಂಜೆ ಏಳಕ್ಕೆ ಫೋನ್ ಬಂದಾಗ ನಿಜ ಹೇಳಿದೆ.

“ನಾಲ್ಕು ಹೋಳಿಗಿ ತಿಂದೀನಿ ಕಣೋ. ನನ್ನ ಕೈಲಿ ಆಗಲ್ಲ. ಐದು ವಾರ ಆತು, ಒಂದು ಗ್ರಾಂ ಇಳಿದಿಲ್ಲ. ನನ್ನ ನಂಬ್ಕೊಂಡು ನೀನು ಕೆಟ್ಟಿ. ಬ್ಯಾರೆ ದಾರಿ ನೋಡ್ಕೊ.”

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ.

“ಅಕ್ಕ, ನಾನು ಸೋಮವಾರ ಮೂರು ಕೆಜಿ ಇಳಿಸ್ತೀನಿ. ಬುಧವಾರ ಬರೋದ್ರಾಗೆ ಮೂರೂ ವಾಪಸ್. ಬುಧವಾರ ಮತ್ತೆ ಇಳಿಸ್ತೀನಿ, ಶುಕ್ರವಾರಕ್ಕೆ ಮತ್ತೆ ವಾಪಸ್. ಮೂರು ವರ್ಷದಾಗೆ ಒಂದು ದಿನಾನೂ ಅದು ಇಳಿದಲ್ಲೇ ನಿಂತಿಲ್ಲ. ನೀನು ಹನ್ನೊಂದು ಕೆಜಿ ಇಳಿಸೀದಿ. ಒಂದಾದ್ರೂ ವಾಪಸ್ ಬಂತೇನು?”

ನಾನು ಸೆರಗಿನಿಂದ ಮೂಗೊರೆಸಿಕೊಂಡೆ.

“ನಿಂತೈತೆ ಅಂತ ನೀನು ಅಳ್ತಿ. ಇಳಿದಿದ್ದು ಹಂಗೇ ಒಂದು ವಾರ ನಿಂತ್ರೆ ಸಾಕು ಅಂತ ನಾನು ಕನಸು ಕಾಣ್ತೀನಿ” ಎಂದ. ಆಮೇಲೆ ಎಂದಿನ ದನಿಯಲ್ಲಿ, “ನಂದು ಇವತ್ತು ಒಂಬೈನೂರು. ಇನ್ನ ನೂರು ಎಂಎಲ್ ಐತೆ, ಮಲಗೋ ಮುಂದೆ ಕುಡಿತೀನಿ. ಇಡ್ಲೇನು?” ಎಂದು ಫೋನ್ ಇಟ್ಟ.

ಆ ನೂರು ಎಂಎಲ್ ಎಂದರೆ ಎಷ್ಟು ಎಂದು ಅಡುಗೆಮನೆಗೆ ಹೋಗಿ ಅಳೆದು ನೋಡಿದೆ. ಸಣ್ಣ ಚಹಾ ಲೋಟದಷ್ಟು. ಅಷ್ಟಕ್ಕೆ ಸಂಜೆಯಿಂದ ಕಾಯುತ್ತಾನೆ ನನ್ನ ತಮ್ಮ.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ನಡೆದೆ. ಹುಮ್ಮಸ್ಸು ಬಂತೆಂದು ಎದ್ದದ್ದಲ್ಲ. ಹುಮ್ಮಸ್ಸು ಗಿಮ್ಮಸ್ಸು ಏನೂ ಇರಲಿಲ್ಲ, ಮೊಣಕಾಲು ನೋಯುತ್ತಿತ್ತು, ಚಳಿಯಿತ್ತು. ಚಪ್ಪಲಿ ಬಾಗಿಲಲ್ಲಿತ್ತು, ಹಾಕಿಕೊಂಡೆ, ಅಷ್ಟೆ. ಅದರ ಮರುದಿನವೂ ಹಾಗೆಯೇ. ಇಳಿಯುತ್ತದೋ ಬಿಡುತ್ತದೋ ಎಂದು ಕೇಳುವುದನ್ನು ಬಿಟ್ಟೆ. ಸಂಜೆ ಏಳಕ್ಕೆ ಅವನಿಗೆ ಹೇಳಲು ನನ್ನ ಹತ್ತಿರ ಎರಡು ರೊಟ್ಟಿಯ ಸತ್ಯ ಇರಬೇಕು, ಅಷ್ಟು ಸಾಕಾಗಿತ್ತು.

ಡಿಸೆಂಬರಿನಲ್ಲಿ ಎಂಬತ್ತೊಂದು ಮುರಿಯಿತು. ಎಂಬತ್ತು. ಎಪ್ಪತ್ತೊಂಬತ್ತೂವರೆ. ಸಂಕ್ರಾಂತಿಗೆ ಎಳ್ಳುಬೆಲ್ಲದಲ್ಲಿ ಐದು ಕಾಳು ಬಾಯಿಗೆ ಹಾಕಿಕೊಂಡೆ. ಜನವರಿ ಕೊನೆಯ ಸೋಮವಾರ ಹಾಲಸ್ವಾಮಿಯ ಮಷೀನಿನ ಮುಂದೆ ನಿಂತು ಚಪ್ಪಲಿ ಬಿಟ್ಟೆ, ಬಳೆ ತೆಗೆದೆ, ಕಾಲುಂಗುರಕ್ಕೂ ಕೈ ಹಾಕಿದೆ.

“ಅದು ಬ್ಯಾಡ್ರಿ ಅಕ್ಕಾರೆ, ಹತ್ರಿ ಸುಮ್ನೆ!” ಎಂದ.

ಹತ್ತಿದೆ. ಕಣ್ಣು ಮುಚ್ಚಿಕೊಂಡೆ. ಹಾಲಸ್ವಾಮಿಯ ಗಂಟಲು ಯಾವತ್ತೂ ಅಷ್ಟು ಮೆಲ್ಲಗಾಗಿದ್ದನ್ನು ಕೇಳಿರಲಿಲ್ಲ. “ಎಪ್ಪತ್ತೇಳು ಪಾಯಿಂಟ್ ಒಂಬತ್ತು” ಎಂದ. ಹಾಸಿಗೆಯ ಮೇಲಿದ್ದ ತಮ್ಮ ಸೂಜಿ ಚುಚ್ಚಿದ ಕೈಯನ್ನೇ ಎತ್ತಲು ಹೋಗಿ ನರ್ಸಿನ ಹತ್ತಿರ ಬೈಸಿಕೊಂಡ.

ಕಾಗದಪತ್ರವೆಲ್ಲ ಮುಗಿದು ಆಪರೇಷನ್ನು ಬೆಂಗಳೂರಿನಲ್ಲಿ, ಮಾರ್ಚ್ ಮೊದಲ ವಾರದಲ್ಲಿ ಆಯಿತು. ನೋವಾಗಲಿಲ್ಲ ಎಂದರೆ ಸುಳ್ಳು. ನಾಲ್ಕನೇ ದಿನ ಗಾಜಿನ ಆಚೆಯಿಂದ ಅವನನ್ನು ನೋಡಿದೆ. ಮುಖದ ಕಪ್ಪು ಆಗಲೇ ತಿಳಿಯಾಗತೊಡಗಿತ್ತು. ನನ್ನನ್ನು ಮನೆಗೆ ಕಳಿಸುವಾಗ ಅಲ್ಲಿಯ ಡಾಕ್ಟರು, “ಇನ್ನು ನಿಮಗಿರುವುದು ಒಂದೇ. ತೂಕ ಮತ್ತೆ ಏರಿಸಬೇಡಿ” ಎಂದರು. ಏರಿಸುವುದೆಲ್ಲಿಂದ ಬಂತು, ನಮ್ಮವ್ವ ಬಿಡಬೇಕಲ್ಲ.

ಏಪ್ರಿಲ್ ಕೊನೆಗೆ ಬಸವಪ್ರಭು ಹರಿಹರಕ್ಕೆ ಮರಳಿದ. ಅವ್ವ ನನ್ನ ಆರೈಕೆಗೆಂದು ನಿಟ್ಟುವಳ್ಳಿಯಲ್ಲೇ ಇದ್ದಳು. ಅವತ್ತು ಬೆಳಿಗ್ಗೆ ಅಡುಗೆಮನೆಯಿಂದ ತುಪ್ಪದ ವಾಸನೆ ಬಂತು. ನೋಡಿದರೆ ಅಂಟಿನುಂಡೆ. ಒಂದನ್ನು ಸರಿಯಾಗಿ ಅರ್ಧ ಮುರಿದು ನನ್ನ ಕೈಗಿಟ್ಟಳು.

“ಈಗ ನೀನು ಖರೆ ಬಾಣಂತಿ. ತಿನ್ನು. ಇನ್ನರ್ಧ ನಾಳಿಗೆ.”

ಸಂಜೆ ಏಳಕ್ಕೆ ಫೋನ್ ಬಂತು.

“ನಿಂದು ಹೇಳು” ಎಂದ.

“ಎರಡು ರೊಟ್ಟಿ, ಪಲ್ಯ, ಅರ್ಧ ಅಂಟಿನುಂಡಿ. ಬೆಳಿಗ್ಗೆ ಅರ್ಧ ತಾಸು ನಡೆದೀನಿ. ನಿಂದು?”

“ಎರಡೂವರೆ ಲೀಟರ್. ಅಕ್ಕ, ದಿನಾ ಮೂರು ಲೀಟರ್ ಕುಡಿಲೇಬೇಕಂತೆ ಹೊಸ ಕಿಡ್ನಿಗೆ. ಇನ್ನರ್ಧ ಲೀಟರ್ ನನ್ನ ಕೈಲಿ ಆಗಲ್ಲ. ನೀರು ನೋಡಿದ್ರೆ ಸಾಕಾಗೈತೆ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು.

“ಸಾಕಾಗೈತಾ? ಮೂರು ವರ್ಷ ಒಂದು ಗುಟುಕಿಗೆ ಬಾಯಿ ಬಾಯಿ ಬಿಟ್ಟಿ. ನೂರು ಎಂಎಲ್ ಇಟ್ಕೊಂಡು ಕಾಯ್ತಿದ್ದಿ. ಈಗ ಸಾಕಾತೇನು? ತಂಬಿಗಿ ತಗೊ. ಬಾಯಿ ಮುಚ್ಕೊಂಡು ಕುಡಿ!”

“ಬಾಯಿ ಮುಚ್ಕೊಂಡು ಹೆಂಗೆ ಕುಡಿಲಿ ಅಕ್ಕ?” ಎಂದು ನಕ್ಕ.

ಆಮೇಲೆ ಕುಡಿಯತೊಡಗಿದ. ಗಟಗಟ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ಅವ್ವ ಬಂದು ಏನೆಂದು ಕಣ್ಣಲ್ಲೇ ಕೇಳಿದಳು. ಫೋನನ್ನು ಅವಳ ಕಿವಿಗೂ ನನ್ನ ಕಿವಿಗೂ ನಡುವೆ ಹಿಡಿದೆ. ತಂಬಿಗೆ ಬರಿದಾಗಿ ಅವನು ಅದನ್ನು ನೆಲಕ್ಕಿಟ್ಟ ಸದ್ದು ಬರುವವರೆಗೂ ನಾವಿಬ್ಬರೂ ಹಾಗೆಯೇ ನಿಂತಿದ್ದೆವು.